ತಂತಿಯಷ್ಟೇ ಸಾಲದು, ಬಿಲ್ಲೂ ಕೈಗೆಟುಕಲಿ

ಅಮೆರಿಕದಲ್ಲಿ 2.3 ಕೋಟಿಗೂ ಹೆಚ್ಚು ಕುಟುಂಬಗಳ ಇಂಟರ್‌ನೆಟ್ ಬಿಲ್ಲಿನ ಭಾರ ಇಳಿಸಿದ್ದ ‘ಅಫೋರ್ಡಬಲ್ ಕನೆಕ್ಟಿವಿಟಿ ಪ್ರೋಗ್ರಾಂ’ 2024ರ ಜೂನ್ 1ಕ್ಕೆ ನಿಂತುಹೋಯಿತು. ಕಡಿಮೆ ಆದಾಯದವರಿಗೆ ತಿಂಗಳಿಗೆ 30 ಡಾಲರ್‌ವರೆಗೆ ನೆರವಾಗುತ್ತಿದ್ದ ಯೋಜನೆಯಿದು. ಮೀಸಲಿಟ್ಟಿದ್ದ 1,420 ಕೋಟಿ ಡಾಲರ್ ಮುಗಿಯಿತು. ಸಂಸತ್ತು ಮತ್ತೆ ಹಣ ಕೊಡಲಿಲ್ಲ. ಕಪ್ಪುವರ್ಣೀಯರ ಬಡ ಬಡಾವಣೆಗಳಿಗೆ ಇದು ದೊಡ್ಡ ಪೆಟ್ಟು. ಪ್ಯೂ ಸಂಶೋಧನಾ ಕೇಂದ್ರದ 2021ರ ಸಮೀಕ್ಷೆಯ ಪ್ರಕಾರ, ಬಿಳಿಯ ವಯಸ್ಕರಲ್ಲಿ ಶೇ 80ರಷ್ಟು ಮಂದಿಯ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇತ್ತು. ಕಪ್ಪುವರ್ಣೀಯರಲ್ಲಿ ಈ ಪ್ರಮಾಣ ಶೇ 71. ಮೊಬೈಲ್ ಇದೆಯಲ್ಲ ಎನ್ನುವವರು, ಒಂದೇ ಮೊಬೈಲಿನಲ್ಲಿ ಮಗು ಶಾಲೆಯ ಪ್ರಬಂಧ ಬರೆದು, ತಾಯಿ ಉದ್ಯೋಗದ ಅರ್ಜಿ ತುಂಬಿ, ಡೇಟಾ ಮುಗಿದಾಗ ಎರಡೂ ಅರ್ಧಕ್ಕೆ ನಿಲ್ಲುವ ಸ್ಥಿತಿಯನ್ನು ಯೋಚಿಸಬೇಕು.

ಈ ಅಂತರ ತಾನಾಗಿ ಹುಟ್ಟಿದ್ದಲ್ಲ. 1930ರ ದಶಕದಲ್ಲಿ ಅಲ್ಲಿನ ಸರ್ಕಾರದ ಗೃಹಸಾಲ ಸಂಸ್ಥೆಯು ನಗರಗಳ ನಕ್ಷೆ ಬರೆಸಿ, ಕಪ್ಪುವರ್ಣೀಯರ ಬಡಾವಣೆಗಳಿಗೆ ಅಪಾಯದ ಕೆಂಪು ಬಳಿಸಿತು. ಅಂಥ ಕಡೆ ಸಾಲ ಹುಟ್ಟಲಿಲ್ಲ, ಮನೆಗಳಿಗೆ ಬೆಲೆ ಬರಲಿಲ್ಲ. ‘ದಿ ಮಾರ್ಕಪ್’ ಸುದ್ದಿಸಂಸ್ಥೆ 2022ರಲ್ಲಿ 38 ನಗರಗಳ ಇಂಟರ್‌ನೆಟ್ ದರಗಳನ್ನು ತಾಳೆ ನೋಡಿದಾಗ, ಅದೇ ದುಡ್ಡಿಗೆ ಹಲವೆಡೆ ಇಂಥ ಬಡಾವಣೆಗಳಿಗೇ ನಿಧಾನಗತಿಯ ಸಂಪರ್ಕ ಸಿಗುತ್ತಿದ್ದುದು ಕಂಡಿತು. ಅಜ್ಜನಿಗೆ ಸಾಲ ನಿರಾಕರಿಸಿದ ಗೆರೆಯೇ ಮೊಮ್ಮಗಳ ಸಂಪರ್ಕದ ವೇಗವನ್ನೂ ನಿರ್ಧರಿಸುತ್ತಿದೆ.

ನಾರ್ತ್ ಕೆರೊಲಿನಾದ ವಿಲ್ಸನ್ ನಗರ ಬೇರೊಂದು ದಾರಿ ಹಿಡಿಯಿತು. ಅಲ್ಲಿನ ನಿವಾಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಪ್ಪುವರ್ಣೀಯರು. ಕಂಪನಿಗಳು ಮುಂದೆ ಬರದಿದ್ದಾಗ ನಗರಾಡಳಿತವೇ 2008ರಲ್ಲಿ ‘ಗ್ರೀನ್‌ಲೈಟ್’ ಫೈಬರ್ ಜಾಲ ಆರಂಭಿಸಿತು. ಮುಂದೆ ಸಾರ್ವಜನಿಕ ವಸತಿ ಸಂಕೀರ್ಣಗಳ ಬಾಡಿಗೆದಾರರಿಗೆ ತಿಂಗಳಿಗೆ 10 ಡಾಲರಿಗೆ ಸಂಪರ್ಕ ಕೊಟ್ಟಿತು. ಆದರೆ ಕೇಬಲ್ ಕಂಪನಿಗಳ ಲಾಬಿಗೆ ಮಣಿದ ರಾಜ್ಯ ಶಾಸನಸಭೆ 2011ರಲ್ಲಿ ಇಂಥ ಜಾಲಗಳ ವಿಸ್ತರಣೆಗೆ ಕಡಿವಾಣ ಹಾಕಿತು. ಸಮೀಪದ ಪೈನ್‌ಟಾಪ್ಸ್, ಕಪ್ಪುವರ್ಣೀಯರೇ ಹೆಚ್ಚಿರುವ ಪುಟ್ಟ ಊರು. ಕೇಂದ್ರದ ಸಂವಹನ ಆಯೋಗ ಆ ನಿರ್ಬಂಧವನ್ನು ಬದಿಗೊತ್ತಿದ ಬಳಿಕ 2016ರಲ್ಲಿ ಅಲ್ಲಿಗೂ ಫೈಬರ್ ತಲುಪಿತು. ಅದೇ ವರ್ಷ ಮೇಲ್ಮನವಿ ನ್ಯಾಯಾಲಯ ಆಯೋಗದ ಆದೇಶವನ್ನು ರದ್ದುಪಡಿಸಿತು. ಬಂದ ಸಂಪರ್ಕವನ್ನೇ ಕಡಿಯಬೇಕಾದ ಸ್ಥಿತಿ! 2017ರ ವಿಶೇಷ ಶಾಸನದಿಂದ ಊರಿಗೆ ತಾತ್ಕಾಲಿಕ ರಕ್ಷಣೆಯಷ್ಟೇ ದಕ್ಕಿತು.

2025ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್, ಇಂಟರ್‌ನೆಟ್ ಬಳಕೆಯಲ್ಲಿ ಹಿಂದುಳಿದವರ ನೆರವಿಗೆಂದು ರೂಪಿಸಿದ್ದ 275 ಕೋಟಿ ಡಾಲರ್‌ಗಳ ಡಿಜಿಟಲ್ ಈಕ್ವಿಟಿ ಕಾಯ್ದೆಯನ್ನು ಜನಾಂಗೀಯ ತಾರತಮ್ಯವೆಂದು ಕರೆದು ಅದರ ಕಾರ್ಯಕ್ರಮಗಳನ್ನು ಕೊನೆಗೊಳಿಸಿದರು. ಈ ವಾದ ನಿಲ್ಲದು. ಹಿರಿಯರು, ಮಾಜಿ ಸೈನಿಕರು, ಅಂಗವಿಕಲರು, ಬಡವರು, ಹಳ್ಳಿಗರೆಲ್ಲರೂ ಅದರ ಫಲಾನುಭವಿಗಳಾಗಿದ್ದರು. ಬಣ್ಣ ನೋಡಿ ಗೆರೆ ಎಳೆದು ಮಾಡಿದ ಅನ್ಯಾಯವನ್ನು, ಬಣ್ಣದ ಮಾತೇ ಎತ್ತದೆ ಸರಿಪಡಿಸುವುದೂ ಸಾಧ್ಯವಿಲ್ಲ.

ಆಗಬೇಕಾದ್ದು ಸ್ಪಷ್ಟ. ಬಿಲ್ಲಿನ ನೆರವಿಗೆ ಕಾಯಂ ಹಣದ ಮೂಲ ಬೇಕು: ದೂರಸಂಪರ್ಕ ಸೇವೆಗಳ ಆದಾಯದಿಂದ ನಡೆಯುವ ಸಾರ್ವತ್ರಿಕ ಸೇವಾ ನಿಧಿಗೆ ಬ್ರಾಡ್‌ಬ್ಯಾಂಡ್ ಆದಾಯದ ಪಾಲೂ ಸೇರಲಿ. ನಗರಾಡಳಿತಗಳ ಕೈ ಕಟ್ಟಿರುವ ರಾಜ್ಯ ಕಾನೂನುಗಳು ತೊಲಗಲಿ. ಡೆಟ್ರಾಯಿಟ್‌ನಲ್ಲಿ ನೆರೆಹೊರೆಯವರೇ ತರಬೇತಿ ಪಡೆದು ತಮ್ಮ ಬಡಾವಣೆಯ ಜಾಲವನ್ನು ಕಟ್ಟಿ ನಡೆಸಿದ್ದಾರೆ; ಅಂಥವರಿಗೆ ಸಂಬಳ ಸಿಗಲಿ. ಸಹಾಯಧನ ಒಂದು ಬಜೆಟ್ಟಿಗೆ ಬಂದು ಇನ್ನೊಂದಕ್ಕೆ ಹೋಗುತ್ತದೆ. ಜಾಲದ ಒಡೆತನ ಸಮುದಾಯದ ಕೈಯಲ್ಲಿದ್ದರೆ, ದರ ನಿಗದಿಯ ಅಧಿಕಾರವೂ ಅದರ ಕೈಯಲ್ಲೇ ಉಳಿಯುತ್ತದೆ.