ಒಂದೇ ಮನೆ, ಎರಡು ಶಾಲೆ

ನಮ್ಮ ಬೀದಿಯ ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಸಾರಿಸಿ ಸಂಸಾರ ತೂಗಿಸುವ ತಾಯಿಯೊಬ್ಬಳಿದ್ದಾಳೆ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು 2017ರಲ್ಲಿ ಸಮೀಪದ ಖಾಸಗಿ ಶಾಲೆಯೊಂದರ ಒಂದನೆಯ ತರಗತಿಗೆ ಸೇರಿದಳು. ಶುಲ್ಕದ ಭಾರ ಸರ್ಕಾರದ್ದು. ಕಿರಿಯವಳಿಗೆ 2019ರಲ್ಲಿ ಆ ವಯಸ್ಸು ಬಂದಾಗ ಅದೇ ಶಾಲೆಯ ಬಾಗಿಲು ಅವಳ ಪಾಲಿಗೆ ಮುಚ್ಚಿತ್ತು. ಅವಳು ಸರ್ಕಾರಿ ಶಾಲೆಗೆ ನಡೆದಳು. ಒಂದೇ ಒಲೆಯ ಅನ್ನವುಂಡ ಮಕ್ಕಳು ಬೆಳಗಾದರೆ ಎರಡು ದಿಕ್ಕಿಗೆ ಹೊರಡುವುದನ್ನು ಕಂಡವರು ‘ಏಕೆ ಹೀಗೆ?’ ಎಂದು ಕೇಳಿಯಾರು. ಇದಕ್ಕೆ ಕಾರಣ ತಾಯಿಯ ಇಚ್ಛೆಯಲ್ಲ. ನಡುವೆ ಬದಲಾದ ಒಂದು ನಿಯಮ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯನ್ನು ವಾಚಕರು ಬಲ್ಲರು. ಅನುದಾನವಿಲ್ಲದ ಖಾಸಗಿ ಶಾಲೆಗಳೂ ತಮ್ಮ ಆರಂಭದ ತರಗತಿಯಲ್ಲಿ ನೂರಕ್ಕೆ 25 ಸ್ಥಾನಗಳನ್ನು ಸುತ್ತಮುತ್ತಲಿನ ಬಡ ಮತ್ತು ಹಿಂದುಳಿದ ವರ್ಗಗಳ ಮಕ್ಕಳಿಗೆ ಬಿಟ್ಟುಕೊಡಬೇಕೆಂದು ಅದರ 12ನೆಯ ಪ್ರಕರಣ ವಿಧಿಸಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ 2018ರ ಕೊನೆಯಲ್ಲಿ ನಮ್ಮ ರಾಜ್ಯ ಸರ್ಕಾರ ತನ್ನ ನಿಯಮಗಳನ್ನು ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಈ ಹೊಣೆಯಿಲ್ಲವೆಂದು ಸಾರಿತು. ಸರ್ಕಾರಿ ಶಾಲೆಯೇ ಇಲ್ಲದ ನೆರೆಹೊರೆ ನಮ್ಮಲ್ಲಿ ಎಷ್ಟಿದ್ದೀತು? ಹಕ್ಕು ಪುಸ್ತಕದಲ್ಲಿ ಉಳಿಯಿತು, ಸ್ಥಾನಗಳು ಬಹುಮಟ್ಟಿಗೆ ಕರಗಿಹೋದವು. 2019ರಲ್ಲಿ ಉಚ್ಚ ನ್ಯಾಯಾಲಯ ಈ ತಿದ್ದುಪಡಿಯನ್ನು ಒಪ್ಪಿಕೊಂಡಿತು.

ಸರ್ಕಾರದ ವಾದದಲ್ಲಿ ಹುರುಳಿಲ್ಲವೆನ್ನಲಾರೆವು. ತನ್ನ ಹಣದಿಂದಲೇ ತನ್ನ ಶಾಲೆಯ ಮಕ್ಕಳನ್ನು ಬೇರೆಡೆಗೆ ಕಳುಹಿಸಿ, ಆಮೇಲೆ ಮಕ್ಕಳಿಲ್ಲವೆಂದು ಆ ಶಾಲೆಯ ಬಾಗಿಲು ಹಾಕುವುದು ವಿಚಿತ್ರವಾದ ಆಡಳಿತವೇ ಸರಿ. ಮಕ್ಕಳ ಸಂಖ್ಯೆಗಿಂತಲೂ ದೊಡ್ಡ ನಷ್ಟ ಇನ್ನೊಂದಿತ್ತು. ಅರ್ಜಿ ತುಂಬಿ, ವರಮಾನದ ಪ್ರಮಾಣಪತ್ರಕ್ಕಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ, ಲಾಟರಿಯ ದಿನವನ್ನು ಕಾದು ನಿಂತ ತಂದೆತಾಯಿಗಳು ಯಾರು? ಬಡವರಲ್ಲೇ ಸ್ವಲ್ಪ ಬಾಯಿದ್ದವರು, ಕೇಳಬಲ್ಲವರು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕುಳಿತು ‘ಗಣಿತದ ಮೇಷ್ಟ್ರು ಏಕಿಲ್ಲ, ನಲ್ಲಿಯಲ್ಲಿ ನೀರೇಕಿಲ್ಲ’ ಎನ್ನಬೇಕಾಗಿದ್ದವರು ಅವರೇ. ಅವರು ಎದ್ದುಹೋದ ಮೇಲೆ ಸಮಿತಿಯಲ್ಲಿ ಉಳಿದವರು ಹಗಲು ಹನ್ನೊಂದರ ಸಭೆಗಾಗಿ ಒಂದು ದಿನದ ಕೂಲಿಯನ್ನೇ ಬಿಡಬೇಕಾದವರು. ಇಂಥ ಸಭೆಯನ್ನು ಸಂಜೆಗಿಡಬಹುದೆಂದು ಯಾರಿಗೂ ತೋಚದಿರುವುದು ಸಣ್ಣ ಸಂಗತಿಯೆನ್ನಿಸೀತು. ಕೂಲಿಯವರಿಗೆ ಅದು ಸಣ್ಣದಲ್ಲ.

ಹಾಗಾದರೆ ಬಾಗಿಲು ಮುಚ್ಚಿದ್ದೇ ಲೇಸಾಯಿತೆ? ಇಲ್ಲಿ ನಮಗೆ ಸರ್ಕಾರದೊಡನೆ ಭಿನ್ನಾಭಿಪ್ರಾಯವಿದೆ. ನೆರೆಹೊರೆಯ ಶಾಲೆಯೆಂಬ ಮಾತು ಹೊಸದಲ್ಲ. 1964ರಿಂದ 66ರವರೆಗೆ ದೌಲತ್ ಸಿಂಗ್ ಕೊಠಾರಿಯವರ ಅಧ್ಯಕ್ಷತೆಯಲ್ಲಿ ದುಡಿದ ಶಿಕ್ಷಣ ಆಯೋಗ ಅದನ್ನು ಸೂಚಿಸಿತ್ತು. ಆದರೆ ಅದರ ಮನಸ್ಸಿನಲ್ಲಿದ್ದ ಶಾಲೆ ಆ ನೆರೆಯ ಎಲ್ಲ ಮಕ್ಕಳದು. ಸಾಹುಕಾರನ ಮಗನೂ ಜವಾನನ ಮಗಳೂ ಒಂದೇ ಹಲಗೆಯ ಮುಂದೆ ಕೂರುವ ಶಾಲೆ. 1968ರ ರಾಷ್ಟ್ರೀಯ ನೀತಿಯೂ ಸಮಾನ ಶಾಲೆಯ ಹೆಸರೆತ್ತಿತು. ಈಗ ನಾವು ಮಾಡಿದ್ದೇನು? ನೆರೆಯ ನಿಯಮವನ್ನು ಶುಲ್ಕ ತೆರಲಾರದವರಿಗೆ ಮಾತ್ರ ಅನ್ವಯಿಸಿದೆವು. ಅಧಿಕಾರಿಯ, ವರ್ತಕನ, ಕಡೆಗೆ ಸರ್ಕಾರಿ ಶಾಲೆಯ ಎಷ್ಟೋ ಉಪಾಧ್ಯಾಯರ ಮಕ್ಕಳೂ ಮೊದಲಿನಂತೆಯೇ ವ್ಯಾನಿನಲ್ಲಿ ಹೋಗುತ್ತಿದ್ದಾರೆ. ಅವರನ್ನು ತಡೆಯಬೇಕೆಂದು ನಾವು ಹೇಳುತ್ತಿಲ್ಲ. ಬಡವರನ್ನು ಹಿಂದಕ್ಕೆ ಕರೆದ ಸರ್ಕಾರ, ಕರೆದದ್ದಕ್ಕೆ ತಕ್ಕ ಸಾಲವನ್ನು ಹೊತ್ತಿದೆಯೆಂದಷ್ಟೇ ನಮ್ಮ ವಾದ. ಖಾಸಗಿ ಶಾಲೆಗಳಿಗೆ ಕೊಡುತ್ತಿದ್ದ ಹಣ ಯಾವ ಸರ್ಕಾರಿ ಶಾಲೆಗೆ ಹರಿಯಿತೆಂದು ಲೆಕ್ಕ ತೋರಿಸಿದ್ದರೆ ಮಾತು ಬೇರೆಯಾಗುತ್ತಿತ್ತು.

ಸರ್ಕಾರಿ ಶಾಲೆಯಲ್ಲಿ ಪಾಠ ನಡೆಯದೆಂಬುದು ಸುಳ್ಳು. 1995ರಲ್ಲಿ ಹೆಗ್ಗಡದೇವನಕೋಟೆಯ ಹಳ್ಳಿಶಾಲೆಗಳಲ್ಲಿ ಹುಟ್ಟಿದ ‘ನಲಿ-ಕಲಿ’ ನಾಡಿಗೆಲ್ಲ ಹಬ್ಬಿದ್ದು ಸರ್ಕಾರಿ ಉಪಾಧ್ಯಾಯರ ಕೈಯಿಂದಲೇ. ಕಾಯಿದೆಯ ಪ್ರಕಾರ ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಉಪಾಧ್ಯಾಯರು ಸಾಕು. ಅಂದರೆ ಐದು ತರಗತಿಗೆ ಇಬ್ಬರು. ಅವರಲ್ಲೊಬ್ಬರು ಗಣತಿಗೋ ಚುನಾವಣೆಗೋ ಹೋದರೆ ಉಳಿದವರು ಒಬ್ಬರೇ. ಯಾವ ತಾಯಿಯೂ ಈ ಲೆಕ್ಕವನ್ನು ಕಣ್ಣಳತೆಯಲ್ಲೇ ಮಾಡಬಲ್ಲಳು. 2018ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಮೊದಲಿನಿಂದ ಪದವಿಪೂರ್ವದವರೆಗೆ ಎಲ್ಲವೂ ಒಂದೇ ಆವರಣದಲ್ಲಿವೆ. ತರಗತಿಗೊಬ್ಬ ಉಪಾಧ್ಯಾಯ ಕಾಣುವ ಕಡೆ ಜನ ತಾವಾಗಿ ಬರುತ್ತಾರೆ; ಅವರನ್ನು ನಿಯಮದಿಂದ ಕಟ್ಟಿಹಾಕಬೇಕಿಲ್ಲ.

ಇನ್ನು ಆ ಹಿರಿಯ ಹುಡುಗಿಯ ಮಾತು. ಕಾಯಿದೆಯ ಉಚಿತ ಶಿಕ್ಷಣ 8ನೆಯ ತರಗತಿಗೆ ಮುಗಿಯುತ್ತದೆ. 2025ರ ಬೇಸಗೆಯಲ್ಲಿ ಶಾಲೆಯವರು ಮುಂದಿನ ವರ್ಷದ ಶುಲ್ಕದ ಚೀಟಿಯನ್ನು ಕೈಗಿತ್ತರು. ಅಷ್ಟು ಹಣ ಆ ಮನೆಯಲ್ಲಿ ಹುಟ್ಟುವಂತಿರಲಿಲ್ಲ. ಎಂಟು ವರ್ಷ ಇಂಗ್ಲಿಷಿನಲ್ಲಿ ಓದಿದ ಹುಡುಗಿ ಜೂನಿನಲ್ಲಿ ಸರ್ಕಾರಿ ಪ್ರೌಢಶಾಲೆಯ ಕನ್ನಡ ಮಾಧ್ಯಮದ 9ನೆಯ ತರಗತಿಗೆ ಬಂದಳು. ಮೊನ್ನೆ ಸಂಜೆ ನಮ್ಮ ಜಗಲಿಯ ಮೇಲೆ ವಿಜ್ಞಾನದ ಪುಸ್ತಕ ತೆರೆದು ‘ದ್ಯುತಿಸಂಶ್ಲೇಷಣೆ’ ಎಂಬ ಪದದ ಮುಂದೆ ಬೆರಳಿಟ್ಟು ಕೂತಿದ್ದಳು. 7ನೆಯ ತರಗತಿಯ ತಂಗಿ ಪಕ್ಕಕ್ಕೆ ಸರಿದು, “ಎಲೆ ಬಿಸಿಲಲ್ಲಿ ಅಡುಗೆ ಮಾಡೋದು ಕಣೇ ಅಕ್ಕ, ಬರಿ, ಒತ್ತು ನಾನು ಹೇಳ್ತೀನಿ” ಎನ್ನುತ್ತಿದ್ದಳು.