ಬಾಯಿಪಾಠದ ಇತಿಹಾಸ ಪರೀಕ್ಷೆಗೂ ಒದಗದು

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ನಮ್ಮ ಬಡಾವಣೆಯ ಪೋಷಕರಿಂದ ಒಂದು ಅಳಲು ತಪ್ಪದೆ ಕೇಳಿಬರುತ್ತದೆ: ‘ಗಣಿತಕ್ಕೆ ಟ್ಯೂಷನ್ ಇದೆ, ವಿಜ್ಞಾನವನ್ನು ಹೇಗೋ ನಿಭಾಯಿಸುತ್ತಾನೆ, ಇತಿಹಾಸ ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ, ಸಾರ್.’ ಅವರು ಕಂಡುಕೊಂಡಿರುವ ಪರಿಹಾರವೂ ಒಂದೇ. ಗೈಡ್ ತಂದುಕೊಡುವುದು, ಪ್ರತಿ ಪ್ರಶ್ನೆಗೂ ಐದಾರು ‘ಪಾಯಿಂಟು’ಗಳನ್ನು ಗುರುತು ಹಾಕಿಸುವುದು, ಬೆಳಗಿನ ಜಾವ ಎಬ್ಬಿಸಿ ಕಂಠಪಾಠ ಮಾಡಿಸುವುದು. ಸಮಾಜ ವಿಜ್ಞಾನದ ಲಿಖಿತ ಪರೀಕ್ಷೆಗಿರುವುದು 80 ಅಂಕ. ಅದನ್ನೂ ಇತಿಹಾಸವು ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನಗಳೊಡನೆ ಹಂಚಿಕೊಳ್ಳಬೇಕು. ಇಷ್ಟು ಅಂಕಗಳಿಗೆ ಬಾಯಿಪಾಠವೇ ಸಾಕೆಂಬ ಲೆಕ್ಕಾಚಾರ ಮನೆಗಳಲ್ಲೂ ಇದೆ, ಕೆಲವು ಶಾಲೆಗಳಲ್ಲೂ ಇದೆ.

ಬಾಯಿಪಾಠದಿಂದ ಜ್ಞಾನ ಬೆಳೆಯದು ಎಂಬ ಹಳೆಯ ಉಪದೇಶವನ್ನು ಇಲ್ಲಿ ಮತ್ತೆ ಮಾಡುವ ಉದ್ದೇಶ ನನಗಿಲ್ಲ. ನನ್ನ ವಾದ ಅದಕ್ಕಿಂತ ಚಿಕ್ಕದು: ಅಂಕ ಗಳಿಸುವ ದೃಷ್ಟಿಯಿಂದಲೂ ಅದು ನಷ್ಟದ ವ್ಯವಹಾರ.

ಸಹಾಯಕ ಸೈನ್ಯ ಪದ್ಧತಿಯನ್ನೇ ತೆಗೆದುಕೊಳ್ಳೋಣ. ರಾಜನು ಬ್ರಿಟಿಷ್ ಸೈನ್ಯವನ್ನು ಇರಿಸಿಕೊಳ್ಳಬೇಕು, ಅದರ ವೆಚ್ಚವನ್ನು ಭರಿಸಬೇಕು, ಆಸ್ಥಾನದಲ್ಲಿ ರೆಸಿಡೆಂಟನಿಗೆ ಸ್ಥಾನ ಕೊಡಬೇಕು, ಬೇರೆ ಯೂರೋಪಿಯನ್ನರನ್ನು ನೇಮಿಸಿಕೊಳ್ಳಬಾರದು, ಗವರ್ನರ್ ಜನರಲ್‌ನ ಒಪ್ಪಿಗೆಯಿಲ್ಲದೆ ಅನ್ಯ ರಾಜ್ಯಗಳೊಡನೆ ಒಪ್ಪಂದ ಮಾಡಿಕೊಳ್ಳಬಾರದು. ಈ ಐದನ್ನು ಉರು ಹೊಡೆದ ಹುಡುಗನಿಗೆ ಮೂರನೆಯದು ಮರೆತರೆ ನಾಲ್ಕನೆಯದೂ ಬರುವುದಿಲ್ಲ. ‘ಹಣ ಕೊಡುವವರು ಯಾರು, ಹಿಡಿತ ಯಾರದು?’ ಎಂದು ಕೇಳಿಕೊಂಡವನಿಗೆ ಐದೂ ಷರತ್ತುಗಳು ತಾವಾಗಿಯೇ ಹೊಳೆಯುತ್ತವೆ. ಖರ್ಚು ರಾಜನದು, ಸೈನ್ಯ ಕಂಪನಿಯದು. ಉಳಿದುದೆಲ್ಲ ಆ ಹಿಡಿತ ಸಡಿಲವಾಗದಂತೆ ನೋಡಿಕೊಳ್ಳುವ ವ್ಯವಸ್ಥೆ.

ಈ ಪ್ರಶ್ನೆಯನ್ನು ಇನ್ನಷ್ಟು ಮುಂದಕ್ಕೆ ಒಯ್ಯಬಹುದು. ಟಿಪ್ಪು ಸುಲ್ತಾನನ ಪತನದ ನಂತರ 1799ರ ಒಪ್ಪಂದದಲ್ಲಿ ಮೈಸೂರು ಸಂಸ್ಥಾನವು ಈ ಸೈನ್ಯಕ್ಕಾಗಿ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಕೊಡಬೇಕೆಂದಾಯಿತು. ಅಷ್ಟು ಹಣ ಬರಬೇಕಾದದ್ದು ಎಲ್ಲಿಂದ? ಮುಖ್ಯವಾಗಿ ಭೂಕಂದಾಯದಿಂದ. ಮುಂದೆ ಇಂತಿಷ್ಟು ವಸೂಲಿ ಮಾಡಿಕೊಡುತ್ತೇನೆಂದು ಅಮಲ್ದಾರರು ಕರಾರು ಮಾಡಿಕೊಳ್ಳುವ ‘ಶರತ್ತು’ ಪದ್ಧತಿ ಬಂದಿತು. ಧಾನ್ಯದ ಬೆಲೆ ಕುಸಿದರೂ ರೈತ ನಗದು ಕಟ್ಟಲೇಬೇಕು. 1830ರಲ್ಲಿ ನಗರ ಪ್ರಾಂತ್ಯದ ರೈತರು ದಂಗೆಯೆದ್ದರು. ಅದನ್ನೇ ಕಾರಣವಾಗಿಟ್ಟುಕೊಂಡು 1831ರಲ್ಲಿ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡನು. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ದಂಗೆಗೆ ಇದೊಂದೇ ಕಾರಣವೆಂದು ಯಾವ ಇತಿಹಾಸಕಾರನೂ ಹೇಳಲಾರ. ಆದರೆ ಬೇರೆ ಬೇರೆ ಅಧ್ಯಾಯಗಳಲ್ಲಿ ಚದುರಿಹೋಗಿರುವ ನಾಲ್ಕು ಇಸವಿಗಳು ಇಲ್ಲಿ ಒಂದೇ ದಾರದಲ್ಲಿ ಪೋಣಿಸಿಕೊಂಡವು.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನು. ಎಲ್ಲದರಲ್ಲೂ ಲೆಕ್ಕಪತ್ರ ಹುಡುಕುತ್ತೇನೆಂದು ಸ್ನೇಹಿತರು ಹಾಸ್ಯ ಮಾಡುವುದುಂಟು. ಮಾಡಲಿ. ಬಕ್ಸಾರ್ ಕದನದ ತರುವಾಯ 1765ರಲ್ಲಿ ಕಂಪನಿಗೆ ಬಂಗಾಳದ ದಿವಾನಿ ಹಕ್ಕು ದೊರೆಯಿತು ಎಂಬ ಒಂದು ಅಂಕದ ಉತ್ತರವನ್ನು ಲಕ್ಷಾಂತರ ಮಕ್ಕಳು ಬರೆಯುತ್ತಾರೆ. ಇಲ್ಲಿನ ಬಟ್ಟೆಯನ್ನು ಕೊಳ್ಳಲು ಅದುವರೆಗೆ ಕಂಪನಿ ಬೆಳ್ಳಿಯನ್ನು ಹಡಗಿನಲ್ಲಿ ತರಬೇಕಾಗಿತ್ತು. ಅನಂತರ ಇಲ್ಲಿನ ರೈತನ ಕಂದಾಯದಿಂದಲೇ ಇಲ್ಲಿನ ಸರಕನ್ನು ಕೊಂಡು ಸಾಗಿಸುವುದು ಸಾಧ್ಯವಾಯಿತು. ಇದನ್ನು ತಿಳಿದ ವಿದ್ಯಾರ್ಥಿನಿಗೆ ದಾದಾಭಾಯಿ ನವರೋಜಿಯವರ ಸಂಪತ್ತಿನ ಸೋರಿಕೆ ಸಿದ್ಧಾಂತವನ್ನು ಪ್ರತ್ಯೇಕವಾಗಿ ಓದುವ ಶ್ರಮ ಅರ್ಧದಷ್ಟು ಕಡಿಮೆಯಾಗುತ್ತದೆ.

ಖಾಯಂ ಜಮೀನ್ದಾರಿ ಮತ್ತು ರೈತವಾರಿ ಪದ್ಧತಿಗಳನ್ನು ಮಕ್ಕಳು ಅದಲುಬದಲು ಮಾಡುವುದು ಸಾಮಾನ್ಯ. ಸೇವೆಯಲ್ಲಿದ್ದಾಗ ಕಂದಾಯ ಇಲಾಖೆಯ ಕಾಗದಪತ್ರಗಳೊಡನೆ ಬಹುಕಾಲ ಕಳೆದ ನಾನು ಅಂಥವರಿಗೆ, ಊರಿನಲ್ಲಿರುವ ಅಜ್ಜನ ಜಮೀನಿನ ಪಹಣಿಯೊಂದನ್ನು ತೆಗೆದು ನೋಡಿ ಎನ್ನುತ್ತೇನೆ. ಸರ್ವೆ ನಂಬರು, ವಿಸ್ತೀರ್ಣ, ಕಂದಾಯ, ಹಿಡುವಳಿದಾರನ ಹೆಸರು. ನಡುವೆ ಜಮೀನ್ದಾರನಿಲ್ಲ, ಸರ್ಕಾರ ರೈತನೊಡನೆ ನೇರವಾಗಿ ವ್ಯವಹರಿಸುತ್ತದೆ. ಬಾರಾಮಹಲಿನಲ್ಲಿ 1792ರಲ್ಲಿ ಅಲೆಕ್ಸಾಂಡರ್ ರೀಡ್ ಆರಂಭಿಸಿ, ಥಾಮಸ್ ಮನ್ರೋ ಬೆಳೆಸಿದ ರೈತವಾರಿಯ ತಿರುಳು ಇದೇ. ಪಹಣಿಯ ಈಗಿನ ನಮೂನೆ ಎಷ್ಟೋ ಈಚಿನದು, ಆ ಮಾತು ಬೇರೆ. ಕಾರ್ನ್‌ವಾಲಿಸನ 1793ರ ಬಂಗಾಳದಲ್ಲಿ ಆ ರೈತನ ಜಾಗದಲ್ಲಿ ಜಮೀನ್ದಾರನ ಹೆಸರಿರುತ್ತಿತ್ತು ಎಂದರೆ ಸಾಕು, ಮಗು ಮತ್ತೆ ತಪ್ಪುವುದಿಲ್ಲ.

ಇಸವಿಗಳೇ ಬೇಡವೆನ್ನುವ ಈಚಿನ ಶಿಕ್ಷಣತಜ್ಞರ ಮಾತನ್ನು ನಾನು ಒಪ್ಪಲಾರೆ. ಮೊಳೆಯೇ ಇಲ್ಲದ ಗೋಡೆಗೆ ಅಂಗಿ ತೂಗುಹಾಕುವುದು ಹೇಗೆ? ಆದರೆ ನೂರು ಮೊಳೆ ಬೇಕಿಲ್ಲ, ಇಪ್ಪತ್ತು ಸಾಕು. ಉಳಿದವನ್ನು ಅವುಗಳ ಹಿಂದೆ ಮುಂದೆ ನೆನಪಿಟ್ಟುಕೊಳ್ಳಬಹುದು.

ಇನ್ನು ಅಭ್ಯಾಸದ ಕ್ರಮ. ಒಂದೇ ಪಾಠವನ್ನು ನಾಲ್ಕು ಬಾರಿ ಓದುವುದಕ್ಕಿಂತ ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯುವುದು ಹೆಚ್ಚು ಫಲಕಾರಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮೇಲುಗೈ ಸಾಧಿಸಿದ್ದರು. ಹಿಂದಿನ ರಾತ್ರಿ ‘ಎಲ್ಲ ಬರುತ್ತದೆ’ ಎನ್ನುವ ಮಗು ಮುಂದಿನ ವಾರ ಏಕೆ ತಡವರಿಸುತ್ತದೆ ಎಂಬುದಕ್ಕೆ ಇಲ್ಲಿ ಉತ್ತರವಿದೆ. ಬರೆದುದನ್ನು ಪುಸ್ತಕದೊಡನೆ ತಾಳೆ ನೋಡಿ, ಬಿಟ್ಟುಹೋದುದನ್ನು ಮಾತ್ರ ಕೆಂಪು ಶಾಯಿಯಲ್ಲಿ ಸೇರಿಸಿಕೊಳ್ಳಬೇಕು. ಮೂರು ದಿನ ಬಿಟ್ಟು ಮತ್ತೊಮ್ಮೆ. ಇದಕ್ಕೆ ಟ್ಯೂಷನ್ ಬೇಡ, ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳು ಸಾಕು.

ಆದರೆ ಮಕ್ಕಳಿಗಷ್ಟೇ ಬುದ್ಧಿ ಹೇಳಿದರೆ ಅನ್ಯಾಯವಾದೀತು. ‘ಐದು ಪರಿಣಾಮಗಳನ್ನು ಪಟ್ಟಿ ಮಾಡಿ’ ಎಂದೇ ಪ್ರಶ್ನೆಗಳು ಬರುತ್ತಿದ್ದರೆ ಪಟ್ಟಿಯನ್ನೇ ಅವರು ಕಲಿಯುತ್ತಾರೆ. 2024ರಲ್ಲಿ ವರ್ಷಕ್ಕೆ ಮೂರು ಬಾರಿ ಪರೀಕ್ಷೆ ಬರೆಯುವ ಅವಕಾಶ ಬಂದದ್ದು ಸ್ವಾಗತಾರ್ಹವೇ ಆಗಿತ್ತು. ಪ್ರಶ್ನೆಯ ಸ್ವರೂಪ ಬದಲಾಗದಿದ್ದರೆ ಅದೇ ಬಾಯಿಪಾಠಕ್ಕೆ ಹೆಚ್ಚು ಅವಕಾಶ ಕೊಟ್ಟಂತಾಗುತ್ತದೆ. ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಒಬ್ಬರೇ ಶಿಕ್ಷಕರು ಸಮಾಜ ವಿಜ್ಞಾನದ ಆರೂ ವಿಭಾಗಗಳನ್ನು ಕಲಿಸಬೇಕು. ಅಲ್ಲಿಯ ಹುಡುಗಿ ‘ಖರ್ಚು ರಾಜನದು, ಸೈನ್ಯ ಕಂಪನಿಯದು’ ಎಂದು ತನ್ನದೇ ಮಾತಿನಲ್ಲಿ ಬರೆದರೆ, ಮಾದರಿ ಉತ್ತರದ ಪದಗಳು ಇಲ್ಲವೆಂದು ಅಂಕ ಕಡಿತವಾಗಬಾರದು. ಮೌಲ್ಯಮಾಪಕರಿಗೆ ಈ ಕುರಿತು ಲಿಖಿತ ಸೂಚನೆ ಇರಲೇಬೇಕು. ಇಲ್ಲದಿದ್ದರೆ ಗೈಡ್ ಕೊಳ್ಳಬಲ್ಲವನಿಗಷ್ಟೇ ಪೂರ್ಣ ಅಂಕ.

ಪೋಷಕರಿಗೆ ಊಟದ ಹೊತ್ತಿನಲ್ಲಿ ಕೇಳಬಹುದಾದ ಒಂದು ಪ್ರಶ್ನೆಯನ್ನು ಕೊಡುತ್ತೇನೆ. ಕಿತ್ತೂರಿನ ದತ್ತುಪುತ್ರನನ್ನು 1824ರಲ್ಲಿ ಕಂಪನಿ ಒಪ್ಪಲಿಲ್ಲ. ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿಗೆ ಹೆಸರಾದ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಇತ್ತ ಮುಮ್ಮಡಿಯವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ 1881ರಲ್ಲಿ ರಾಜ್ಯವನ್ನೇ ಹಿಂದಿರುಗಿಸಲಾಯಿತು. ಇಪ್ಪತ್ತನಾಲ್ಕು ವರ್ಷ ಮೊದಲೇ ಆ ನೀತಿ ಕಿತ್ತೂರಿಗೆ ಬಂದದ್ದು ಹೇಗೆ, ಮೈಸೂರಿನ ಹೊತ್ತಿಗೆ ಅದು ಎಲ್ಲಿ ಹೋಯಿತು, ನಡುವೆ 1857 ಮತ್ತು 1858ರಲ್ಲಿ ಏನಾಯಿತು? ಮಗು ಪುಸ್ತಕ ತೆರೆಯದೆ ಹತ್ತು ನಿಮಿಷ ಯೋಚಿಸಲಿ. ಆಮೇಲೆ ಪಠ್ಯದ ಮೂರು ಅಧ್ಯಾಯಗಳನ್ನು ತಾನಾಗಿಯೇ ತಿರುವಿಹಾಕುತ್ತದೆ.