ಸ್ವಿಚ್ಚಿಗೆ ಗೊತ್ತಿರೋ ನ್ಯಾಯ ಸರ್ಕಾರಕ್ಕೆ ಗೊತ್ತಿಲ್ವಾ?



ಹೊಟ್ಟೆಪಾಡಿಗೆ ನಾನು ನೆಟ್‌ವರ್ಕ್ ಕೆಲಸ ಮಾಡೋನು. ಮೀಸಲಾತಿ ಅಂದ್ರೆ ಮುಖ ಸಿಂಡರಿಸೋ ನಮ್ಮ ಫೀಲ್ಡಿನ ಜನ, ದಿನಾ ತಮ್ಮ ಕೈಯಾರೆ ಮೀಸಲಾತಿ ಬರೀತಾರೆ. ಹೇಗೆ ಅಂತ ಹೇಳ್ತೀನಿ.

ಡೇಟಾ ಸೆಂಟರುಗಳಲ್ಲಿ ಸ್ಟೋರೇಜಿಗೊಂದು, ಉಳಿದಿದ್ದಕ್ಕೊಂದು ಅಂತ ಕೇಬಲ್ ಎಳೆಯದೆ ಎಲ್ಲವನ್ನೂ ಒಂದೇ ಈಥರ್ನೆಟ್ಟಿನಲ್ಲಿ ಹರಿಸೋದುಂಟು. ಟ್ರಾಫಿಕ್ಕಿಗೆ 0ಯಿಂದ 7ರವರೆಗೆ ಆದ್ಯತೆಯ ಅಂಕಿ. ಒಂದು ವರ್ಗಕ್ಕೆ 'ಸ್ಟ್ರಿಕ್ಟ್ ಪ್ರಯಾರಿಟಿ' ಕೊಟ್ರೆ ಅದರ ಸಾಲು ಖಾಲಿಯಾಗೋ ತನಕ ಉಳಿದವರು ಕಾಯಬೇಕು. ಆ ಸಾಲು ತುಂಬ್ತಾನೇ ಇದ್ರೆ ಕೆಳಗಿನವರಿಗೆ ಉಪವಾಸ. ಎಂಜಿನಿಯರುಗಳೇ ಇದಕ್ಕೆ ಇಟ್ಟ ಹೆಸರು 'ಸ್ಟಾರ್ವೇಶನ್'!

ಇದಕ್ಕೆ ಮದ್ದು ಇಟಿಎಸ್ ಅನ್ನೋ ವ್ಯವಸ್ಥೆ. ಒಂದೊಂದು ಗುಂಪಿಗೆ ಇಂತಿಷ್ಟು ಪಾಲು ಖಾತ್ರಿ. ಎಲ್ಲರೂ ಪಾಲಿನ ಲೆಕ್ಕದಲ್ಲೇ ಇದ್ದಾಗ, 10 ಗಿಗಾಬಿಟ್ ಲಿಂಕಿನಲ್ಲಿ ಸ್ಟೋರೇಜಿಗೆ ಶೇ 50 ಅಂತ ಬರೆದ್ರೆ, ಎಷ್ಟೇ ನೂಕುನುಗ್ಗಲಾದ್ರೂ 5 ಗಿಗಾಬಿಟ್ ಅದರದ್ದು. ಅದು ಬಳಸದಿದ್ದಾಗ ಬೇರೆಯವರು ಬಳಸಬಹುದು. ಪಾಲುದಾರ ಬಂದ ತಕ್ಷಣ ಬಿಟ್ಟುಕೊಡಬೇಕು. ಅಲ್ಲಿ ಮಾತ್ರ "ಮೆರಿಟ್ ಹಾಳಾಯ್ತು" ಅಂತ ಯಾರೂ ಬಾಯಿ ಬಡ್ಕೊಳ್ಳಲ್ಲ.

ನಮ್ಮ ರಾಜ್ಯದ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ತರ್ಕವೂ ಇದೇ. ಪರಿಶಿಷ್ಟರ ಜನಸಂಖ್ಯೆ ಶೇ 24.1, ಪಾಲೂ ಅಷ್ಟೇ. ಆದ್ರೆ ಅದೇ ಕಾಯ್ದೆಯೊಳಗೆ 7ಡಿ ಅಂತ ಒಂದು ಕಿಂಡಿ ಇಟ್ಟರು. ಎಲ್ಲರಿಗೂ ಅಂತ ಮಾಡಿದ ಕಾಮಗಾರಿಯ ಖರ್ಚಲ್ಲೂ ಒಂದು ಭಾಗವನ್ನ ನಮ್ಮ ಲೆಕ್ಕಕ್ಕೆ ಬರೆದರು. ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಆ ಕಲಂ ಹೋಯ್ತು. ಹೋಯ್ತು ಅನ್ನೋ ಅಷ್ಟರಲ್ಲಿ, ಅದೇ ಸಾಲಿನಲ್ಲಿ ಈ ನಿಧಿಯ ಸುಮಾರು 11 ಸಾವಿರ ಕೋಟಿ ರೂಪಾಯಿ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಸೇರ್ತು.

"ಫಲಾನುಭವಿಗಳಲ್ಲಿ ದಲಿತರೂ ಇದಾರಲ್ಲಪ್ಪಾ" ಅಂತಾರೆ. ಇದೀವಿ, ಇಲ್ಲ ಅಂದೋರ್ಯಾರು? ಅದು ಈ ನಾಡಿನ ಪ್ರಜೆಗಳಾಗಿ ಎಲ್ಲರ ಜೊತೆ ನಮಗೂ ಸಿಗಬೇಕಾದ್ದು. ಅದನ್ನೇ ನಮ್ಮ ವಿಶೇಷ ಪಾಲು ಅಂತ ತೋರಿಸಿದ್ರೆ ಖಾತ್ರಿ ಎಲ್ಲಿ ಉಳೀತು? ನಾನು ಗ್ಯಾರಂಟಿಗಳ ವಿರೋಧಿ ಅಲ್ಲ. ಅವಕ್ಕೆ ಸಾಮಾನ್ಯ ಬಜೆಟ್ಟಿಂದ ದುಡ್ಡು ಕೊಡಿ.

ಇನ್ನು "ಖರ್ಚಾಗದೆ ಉಳಿದಿತ್ತು" ಅನ್ನೋ ಮಾತು. ಸ್ವಿಚ್ಚು ಸಾಲು ನಿಜವಾಗ್ಲೂ ಖಾಲಿ ಇದ್ದಾಗ ಮಾತ್ರ ಸಾಲ ಕೊಡುತ್ತೆ. ನಮ್ಮ ಸಾಲು ಖಾಲಿ ಇದೆಯಾ? ಗಂಗಾ ಕಲ್ಯಾಣದ ಬೋರ್‌ವೆಲ್ಲಿಗೆ, ಹಾಸ್ಟೆಲ್ ಸೀಟಿಗೆ, ಸ್ಮಶಾನದ ಜಾಗಕ್ಕೆ ಅರ್ಜಿ ಹಿಡಿದು ನಿಂತಿರೋರು ಯಾರು ಹಾಗಾದ್ರೆ?

ಒಂದು ಯಂತ್ರ ತೆಗೆದ ಪಾಲನ್ನ ವಾಪಸ್ ಕೊಡುತ್ತೆ. ನಾವು ಕೇಳ್ತಿರೋದೂ ಅಷ್ಟೇ: ತೆಗೆದಿದ್ದನ್ನ ವಾಪಸ್ ಕೊಡಿ, ಇನ್ಮುಂದೆ ಮುಟ್ಟಬೇಡಿ. ಇದು ಭಿಕ್ಷೆ ಅಲ್ಲ, ಪಾಲು.